ಹಾಡಿನೊಳಗೆ ಮಾತನಾಡುತ್ತಿರುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ. ರಾಕ್ ಹಾಡುಗಳ ಅರ್ಥದ ಬಗ್ಗೆ ಮಾತನಾಡಿ ಎಂದು ಬಾನುಲಿಯವರು ಕೇಳಿದಾಗ, ಇದನ್ನು ತುಮಕೂರಿನಲ್ಲಿ ಯಾರು ಕೇಳುತ್ತಾರೆ ಎಂದು ನಮ್ಮ ಮನೆಯಲ್ಲಿಯೇ ನಕ್ಕರು. ಕೇಳುವವರು ಇದ್ದಾರೆ. ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಚಿಂತಿಸುವ ಅಪ್ಪ ಅಮ್ಮಂದಿರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ನಾನು ಮಾತನಾಡುತ್ತಿರುವುದು ಅವರೊಡನೆ.

ಹೇಳಬೇಕಾದದ್ದು ಒಂದೇ ಮಾತು. ಯಾವುದೇ ಹಾಡಿನ ಅರ್ಥ ಹುಡುಕುವ ಮೊದಲು ಕೇಳಿಕೊಳ್ಳಿ: ಹಾಡಿನೊಳಗೆ ಮಾತನಾಡುತ್ತಿರುವವರು ಯಾರು? ಹಾಡುಗಾರ ಬೇರೆ, ಹಾಡಿನೊಳಗೆ ಮಾತನಾಡುವವನು ಬೇರೆ. ಕಾಲೇಜಿನಲ್ಲಿ ವರ್ಷವರ್ಷವೂ ಇದನ್ನೇ ಹೇಳುತ್ತೇನೆ. ವರ್ಷವರ್ಷವೂ ಉತ್ತರ ಪತ್ರಿಕೆಯಲ್ಲಿ ‘ಕವಿಯು ಇಲ್ಲಿ ತನ್ನ ದುಃಖವನ್ನು ತೋಡಿಕೊಂಡಿದ್ದಾನೆ’ ಎಂದೇ ಬರೆದಿರುತ್ತಾರೆ. ಇರಲಿ.

ತಿಪಟೂರಿನ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಒಂದು ದಿನ ಮಗನ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ನನ್ನ ವಿದ್ಯಾರ್ಥಿ. ನೋಟ್‌ಬುಕ್‌ನಲ್ಲಿ ಒಂದು ಇಂಗ್ಲಿಷ್ ಹಾಡನ್ನು ಮುದ್ದಾಗಿ ಬರೆದುಕೊಂಡಿದ್ದ. ತಂದೆ ಅದನ್ನು ಮೊಬೈಲ್‌ನಲ್ಲಿ ಕನ್ನಡಕ್ಕೆ ತಿರುಗಿಸಿ ನೋಡಿದ್ದರು. ಒಬ್ಬ ಹುಡುಗ ತಾಯಿಗೆ, ತಾನೊಂದು ಕೊಲೆ ಮಾಡಿಬಿಟ್ಟೆ, ಬಾಳು ಮುಗಿಯಿತು ಎಂದು ಅಳುವ ಹಾಡು. ಯಜಮಾನರ ಮುಖ ಬಾಡಿತ್ತು. “ಮೇಷ್ಟ್ರೇ, ನಮ್ಮ ಹುಡುಗ ಯಾವ ದಾರಿ ಹಿಡಿದಿದ್ದಾನೆ?” ಎಂದರು.

ಅದು ಕ್ವೀನ್ ಎಂಬ ಬ್ರಿಟಿಷ್ ತಂಡ 1975ರಲ್ಲಿ ಹೊರತಂದ ‘ಬೊಹೀಮಿಯನ್ ರಾಪ್ಸಡಿ’. ಬರೆದವನು ಫ್ರೆಡ್ಡಿ ಮರ್ಕ್ಯುರಿ. ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ, ಮೂಲ ಹೆಸರು ಫರೋಖ್ ಬುಲ್ಸಾರಾ, ಓದಿದ್ದು ನಮ್ಮ ಮಹಾರಾಷ್ಟ್ರದ ಪಂಚಗಣಿಯಲ್ಲಿ. ಅವನು ಯಾರನ್ನೂ ಕೊಂದವನಲ್ಲ ಎಂದು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಆಗ ನೆನಪಾಯಿತು, ಈ ಯಜಮಾನರು ಊರ ಜಾತ್ರೆಯ ಕುರುಕ್ಷೇತ್ರ ನಾಟಕದಲ್ಲಿ ಖಾಯಂ ದುರ್ಯೋಧನ. ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗುಬ್ಬಿ ವೀರಣ್ಣನವರ ನೆಲ ಇದು. ಎಲ್ಲ ಪಾತ್ರಗಳಿಗಿಂತ ಹೆಚ್ಚು ಹಣ ಕಟ್ಟಿ ಆ ಪಾತ್ರ ಹಿಡಿಯುತ್ತಾರೆ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಮಟ್ಟು ಕಲಿಯುತ್ತಾರೆ. ನಾನು ಕೇಳಿದೆ: “ಯಜಮಾನರೇ, ಸೂಜಿಮೊನೆಯಷ್ಟು ಭೂಮಿಯನ್ನೂ ಕೊಡುವುದಿಲ್ಲ ಎಂದು ಗದೆ ಎತ್ತಿ ಹಾಡುತ್ತೀರಲ್ಲ, ಹಾಗೆಂದು ನಿಮ್ಮ ತಮ್ಮನಿಗೆ ಪಾಲು ಕೊಡದೆ ಇದ್ದೀರಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದು ಬೇರೆ ವಿಷಯ ಮೇಷ್ಟ್ರೇ, ಆ ದಾವೆ ಇನ್ನೂ ಕೋರ್ಟಿನಲ್ಲಿದೆ” ಎಂದರು.

ಒಳಗಿನಿಂದ ಕಾಫಿ ತಂದ ನನ್ನ ಹೆಂಡತಿ ಲೋಟ ಇಟ್ಟು ಓಡಿದಳು. ಉದಾಹರಣೆ ಕೈಕೊಟ್ಟಿತಾದರೂ ವಿಷಯ ಅವರಿಗೆ ತಿಳಿಯಿತು. ಹಾಡನ್ನು ಪೂರ್ತಿ ಹಾಕಿ ಕೇಳಿಸಿದೆ. ಹೆಚ್ಚುಕಡಿಮೆ ಆರು ನಿಮಿಷ. ತಾಯಿಯ ಮುಂದೆ ಅಳುವ ಹುಡುಗನದು ಒಂದು ಮಟ್ಟು. ನಡುವೆ ಒಮ್ಮೆಲೇ ಒಪೆರಾ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕ. ಇಟಲಿಯ ಹಳೆಯ ಪ್ರಹಸನಗಳಲ್ಲಿ ಬರುವ ಜಂಬಗಾರ ಹೇಡಿ ಸ್ಕಾರಮೂಷ್‌ನ ಹೆಸರು ಬರುತ್ತದೆ, ಬಿಸ್ಮಿಲ್ಲಾ ಎಂಬ ಕೂಗು ಬರುತ್ತದೆ, ಹುಡುಗನನ್ನು ಬಿಡಬೇಕು, ಬಿಡಬಾರದು ಎಂದು ಎರಡು ಗುಂಪುಗಳು ಜಗಳವಾಡುತ್ತವೆ. ದೊಡ್ಡ ಮೇಳದಂತೆ ಕೇಳುವ ಆ ಭಾಗವನ್ನು ಹಾಡಿದವರು ತಂಡದ ಮೂವರೇ. ತಮ್ಮ ದನಿಯ ಮೇಲೆ ತಮ್ಮದೇ ದನಿಯನ್ನು ಮತ್ತೆ ಮತ್ತೆ ಮುದ್ರಿಸಿದರು. ಯಜಮಾನರು ಕಣ್ಣು ಮುಚ್ಚಿ ಕೇಳಿ, “ಇದು ನಾಟಕ ಅಲ್ಲವೇ!” ಎಂದರು. ಹೌದು ಸ್ವಾಮಿ, ನಾಟಕ. ಅದನ್ನೇ ನಾನು ಹೇಳುತ್ತಿರುವುದು. ಇದರ ಗುಟ್ಟೇನು ಎಂದು ಕೇಳಿದವರಿಗೆ ಮರ್ಕ್ಯುರಿ ಕಡೆಯವರೆಗೂ ಬಿಡಿಸಿ ಹೇಳಲಿಲ್ಲ. ಒಳ್ಳೆಯದೇ ಆಯಿತು.

ಗಡಿಯಾರ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೊಲೀಸ್ ಎಂಬ ತಂಡದ 1983ರ ‘ಎವ್ರಿ ಬ್ರೆತ್ ಯು ಟೇಕ್’ ಹಾಡನ್ನು ಮದುವೆಯ ಆರತಕ್ಷತೆಗಳಲ್ಲಿ ನುಡಿಸುತ್ತಾರೆ. ಮಾತನಾಡುತ್ತಿರುವವರು ಯಾರು? ಬಿಟ್ಟುಹೋದ ಹೆಣ್ಣಿನ ಪ್ರತಿಯೊಂದು ಚಲನವಲನವನ್ನೂ ಕಾಯುತ್ತಿರುವ ಗಂಡಸು. ಬರೆದ ಸ್ಟಿಂಗ್ ಅವರೇ ಇದು ಅಪಾಯದ ಹಾಡು ಎಂದಿದ್ದಾರೆ. ವಧೂವರರ ಮುಂದೆ ಅದು ಬೇಡ, ದಯವಿಟ್ಟು.

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1984ರಲ್ಲಿ ‘ಬಾರ್ನ್ ಇನ್ ದ ಯುಎಸ್‌ಎ’ ಹಾಡಿದರು. ಮಾತನಾಡುವವನು ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ಅಲೆಯುವ ಸೈನಿಕ. ‘ಅಮೆರಿಕದಲ್ಲಿ ಹುಟ್ಟಿದವನು’ ಎಂಬ ಪಲ್ಲವಿಯನ್ನಷ್ಟೇ ಕೇಳಿದವರು ದೇಶಭಕ್ತಿ ಗೀತೆ ಎಂದು ಬಾವುಟ ಬೀಸಿದರು. ಅದೇ ವರ್ಷ ಅಧ್ಯಕ್ಷ ರೇಗನ್ ಚುನಾವಣಾ ಭಾಷಣದಲ್ಲಿ ಈ ಗಾಯಕನ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಹೊಗಳಿದರು. ಚರಣ ಕೇಳುವ ವ್ಯವಧಾನ ಯಾರಿಗೂ ಇಲ್ಲ!

ಅರ್ಥವೇ ಇಲ್ಲದ ಹಾಡುಗಳೂ ಉಂಟು. ತಾನು ಓದಿದ ಶಾಲೆಯಲ್ಲಿ ಮೇಷ್ಟ್ರೊಬ್ಬರು ಬೀಟಲ್ಸ್ ಎಂಬ ಬ್ರಿಟಿಷ್ ತಂಡದ ಹಾಡುಗಳನ್ನು ಮಕ್ಕಳಿಂದ ವಿಶ್ಲೇಷಣೆ ಮಾಡಿಸುತ್ತಿದ್ದಾರೆ ಎಂದು ತಿಳಿದ ಅದೇ ತಂಡದ ಜಾನ್ ಲೆನನ್, 1967ರಲ್ಲಿ ‘ಐ ಆಮ್ ದ ವಾಲ್ರಸ್’ ಹಾಡಿಗೆ ಬೇಕೆಂದೇ ತಲೆಬುಡವಿಲ್ಲದ ಸಾಲುಗಳನ್ನು ತುಂಬಿದ. ಏಟು ನಮ್ಮಂಥವರಿಗೆ. ಆದರೂ ನಾನು ಅದನ್ನು ತರಗತಿಯಲ್ಲಿ ಪಾಠ ಮಾಡುತ್ತೇನೆ.

ಇನ್ನು ಕನ್ನಡಕ್ಕೆ ಬನ್ನಿ. ರಘು ದೀಕ್ಷಿತ್ ಅವರ ತಂಡ ಗಿಟಾರ್, ಡ್ರಮ್ಸ್ ಹಿಡಿದು ‘ಗುಡುಗುಡಿಯ ಸೇದಿ ನೋಡೋ’ ಎಂದು ಹಾಡುತ್ತದೆ. ಹುಡುಗರಿಗೆ ಹುಕ್ಕಾ ಕಲಿಸುತ್ತಿದ್ದಾರೆ ಎಂದು ಒಬ್ಬರು ನನ್ನೊಡನೆ ವಾದಕ್ಕಿಳಿದಿದ್ದರು. ಅದು ಹತ್ತೊಂಬತ್ತನೆಯ ಶತಮಾನದ ಶಿಶುನಾಳ ಷರೀಫರ ತತ್ವಪದ. ಮಾತನಾಡುತ್ತಿರುವವನು ತಂಬಾಕಿನ ಅಂಗಡಿಯವನಲ್ಲ, ದಾರಿ ತೋರಿಸುವ ಗುರು. ಮನಸ್ಸೇ ಸಂಚಿ, ಬುದ್ಧಿಯೇ ಬೆಂಕಿ ಎಂದು ಪದವೇ ಬಾಯಿಬಿಟ್ಟು ಹೇಳುತ್ತದೆ. ಪಕ್ಕದ ಜಿಲ್ಲೆಯ ಕೈವಾರ ತಾತಯ್ಯನವರ ಪದಗಳನ್ನು ಭಜನೆಯಲ್ಲಿ ಹಾಡುವ ನಮ್ಮ ಜನಕ್ಕೆ ಇದನ್ನು ಹೊಸದಾಗಿ ಕಲಿಸಬೇಕೇ? ಗಿಟಾರ್ ಕಂಡೊಡನೆ ಕಿವಿ ಏಕೆ ಮುಚ್ಚಿಹೋಗುತ್ತದೋ ತಿಳಿಯದು.

ಈ ಭಾಷಣದ ನಂತರ ಆ ಹಾಡನ್ನೇ ಹಾಕಿ ಎಂದು ಕೇಳಿಕೊಂಡಿದ್ದೆ. ಕೃಷಿ ಮಾರುಕಟ್ಟೆಯ ಧಾರಣೆ ಓದಬೇಕಂತೆ. ಕೊಬ್ಬರಿ ಬೆಲೆಯ ಮುಂದೆ ನಮ್ಮದೇನು ನಡೆಯುತ್ತದೆ! ನೀವೇ ಹುಡುಕಿ ಕೇಳಿ, ಪಲ್ಲವಿಗೆ ನಿಲ್ಲಿಸಬೇಡಿ. ನಮಸ್ಕಾರ.