ಓಪ್ರಾ ಬಾಯಿಬಿಟ್ಟ ಮೇಲೆ

ಕೇಳುಗರಿಗೆ ನಮಸ್ಕಾರ. ಓಪ್ರಾ ವಿನ್‌ಫ್ರೀ ಅಂದ ತಕ್ಷಣ ಅಮೆರಿಕದ ದೊಡ್ಡ ಟಿವಿ ಶೋ, ಸಿನಿಮಾ ತಾರೆಯರು, ಕೋಟಿಗಟ್ಟಲೆ ದುಡ್ಡು ನೆನಪಾಗುತ್ತದೆ, ಅಲ್ವಾ? ಇವತ್ತು ಅದೆಲ್ಲ ಬೇಡ. ಮಕ್ಕಳಿಗಾಗಿ ಅವರು ಮಾಡಿದ ಕೆಲಸದ ಬಗ್ಗೆ ಮಾತಾಡುತ್ತೇನೆ.

ಓಪ್ರಾ ಹುಟ್ಟಿದ್ದು 1954ರಲ್ಲಿ, ಮಿಸಿಸಿಪ್ಪಿ ರಾಜ್ಯದ ಬಡ ಕಪ್ಪು ಕುಟುಂಬದಲ್ಲಿ. ಮೊದಲು ಅಜ್ಜಿಯ ಮನೆ. ಆಮೇಲೆ ಮಿಲ್ವಾಕಿಯಲ್ಲಿ ತಾಯಿಯ ಜೊತೆ. ಒಂಬತ್ತನೇ ವಯಸ್ಸಿನಿಂದ ಆ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ಶುರುವಾಯಿತು. ಮಾಡಿದವರು ಗುರುತಿಲ್ಲದವರಲ್ಲ. ನೆಂಟರು, ಮನೆಗೆ ಬಂದು ಹೋಗುವವರು. ಹದಿನಾಲ್ಕಕ್ಕೆ ಬಸುರಿಯಾದಳು. ದಿನ ತುಂಬುವ ಮೊದಲೇ ಹುಟ್ಟಿದ ಮಗು ಉಳಿಯಲಿಲ್ಲ.

ನ್ಯಾಶ್‌ವಿಲ್‌ನಲ್ಲಿದ್ದ ತಂದೆ ಮಗಳನ್ನು ಇಟ್ಟುಕೊಂಡು ಓದಿಸಿದರು. ಅಲ್ಲಿ ಒಂದು ಸ್ಪರ್ಧೆ ಗೆದ್ದು, ಬಹುಮಾನ ತಗೊಳ್ಳಲು ಡಬ್ಲ್ಯುವಿಒಎಲ್ ಎಂಬ ರೇಡಿಯೋ ಕೇಂದ್ರಕ್ಕೆ ಹೋದಳು. ಅಲ್ಲಿದ್ದವರು ಸುಮ್ನೆ ಒಂದು ಹಾಳೆ ಕೊಟ್ಟು ಓದಿಸಿದರು. ದನಿ ಕೇಳಿ ಕೆಲಸವನ್ನೇ ಕೊಟ್ಟರು! ಇನ್ನೂ ಹೈಸ್ಕೂಲ್ ಹುಡುಗಿ. ಬಾನುಲಿಯಲ್ಲಿ ಮಾತಾಡುವ ನನಗೆ ಈ ಭಾಗ ತುಂಬ ಇಷ್ಟ.

1976ರಲ್ಲಿ ಬಾಲ್ಟಿಮೋರ್‌ನ ಟಿವಿಯಲ್ಲಿ ಸಂಜೆಯ ಸುದ್ದಿ ಓದುವ ಕೆಲಸ ಸಿಕ್ಕಿತು. ಆದರೆ ಅದು ಒಗ್ಗಲಿಲ್ಲ. ನೊಂದವರ ಮುಂದೆ ಮೈಕ್ ಹಿಡಿಯಲು ಓಪ್ರಾಗೆ ಮನಸ್ಸು ಬರುತ್ತಿರಲಿಲ್ಲ, ಕಣ್ಣು ತುಂಬಿಬಿಡುತ್ತಿತ್ತು. ವರದಿಗಾರ್ತಿಗೆ ಅದು ಕೊರತೆ ಅಂತಲೇ ಲೆಕ್ಕ. ಕೆಲವೇ ತಿಂಗಳಲ್ಲಿ ಆ ಜಾಗದಿಂದ ತೆಗೆದರು. 1978ರಲ್ಲಿ ಬೆಳಗಿನ ಮಾತುಕತೆಯ ಕಾರ್ಯಕ್ರಮಕ್ಕೆ ಹಾಕಿದರು. ಅಲ್ಲಿ ಅದೇ ಕೊರತೆ ಕೈ ಹಿಡಿಯಿತು. 1984ರಲ್ಲಿ ಚಿಕಾಗೋ, 1986ರಲ್ಲಿ ದೇಶವಿಡೀ ಅವರ ಶೋ.

ಆ ದಿನಗಳಲ್ಲೇ ಒಮ್ಮೆ, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ತನ್ನ ಕಥೆ ಹೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಓಪ್ರಾ ತಡೆಯಲಾರದೆ, ನನಗೂ ಹೀಗಾಗಿದೆ ಎಂದುಬಿಟ್ಟರು. ಬಸುರಿಯಾದ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. 1990ರಲ್ಲಿ ಮನೆಯವರೊಬ್ಬರು ಅದನ್ನು ಪತ್ರಿಕೆಗೆ ಮಾರಿದರು. ಬೀದಿಯಲ್ಲಿ ಎಲ್ಲರೂ ಬೆರಳು ತೋರಿಸುತ್ತಾರೆ ಎಂದು ಓಪ್ರಾ ಹೆದರಿದ್ದರು. ಯಾರೂ ತೋರಿಸಲಿಲ್ಲ. ಇಪ್ಪತ್ತು ವರ್ಷ ಹೊತ್ತ ನಾಚಿಕೆ ತನ್ನದಲ್ಲ ಅನ್ನುವುದು ಅವರಿಗೆ ಆಗ ಗೊತ್ತಾಯಿತು.

ಇಲ್ಲಿಗೇ ನಿಂತಿದ್ದರೂ ಸಾಕಿತ್ತು. ಅವರು ನಿಲ್ಲಲಿಲ್ಲ. 1991ರಲ್ಲಿ ಚಿಕಾಗೋದಲ್ಲಿ ನಾಲ್ಕು ವರ್ಷದ ಮಗುವೊಂದು ದೌರ್ಜನ್ಯಕ್ಕೆ ಸಿಕ್ಕಿ ಕೊಲೆಯಾಯಿತು. ಕೊಂದವನ ಮೇಲೆ ಮೊದಲೇ ಕೇಸುಗಳಿದ್ದವು. ಓಪ್ರಾ ಇಲಿನಾಯ್ ರಾಜ್ಯದ ಮಾಜಿ ಗವರ್ನರ್ ಜೇಮ್ಸ್ ಥಾಂಪ್ಸನ್ ಅವರಿಂದ ಮಸೂದೆ ಬರೆಸಿದರು. ಜೋ ಬೈಡನ್ ಮುಖ್ಯಸ್ಥರಾಗಿದ್ದ ಸೆನೆಟ್ ಸಮಿತಿಯ ಮುಂದೆ ಕೂತು ತಮ್ಮ ಬಾಲ್ಯವನ್ನೇ ಸಾಕ್ಷಿಯಾಗಿ ಇಟ್ಟರು. ಮೊದಲ ಸಲ ಮಸೂದೆ ಪಾಸಾಗಲಿಲ್ಲ. ಮತ್ತೆ ಹಿಡಿದು ಕೂತರು. 1993ರ ಡಿಸೆಂಬರ್ 20ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬರುವವರ ಹಿಂದಿನ ಅಪರಾಧಗಳನ್ನು ದೇಶಮಟ್ಟದ ದಾಖಲೆಯಲ್ಲಿ ಪರೀಕ್ಷಿಸಲು ಅದರಿಂದ ದಾರಿಯಾಯಿತು. ಜನ ಅದನ್ನು ಓಪ್ರಾ ಮಸೂದೆ ಅಂತಲೇ ಕರೆದರು. ಅವರ ಎಲ್ಲ ಶೋಗಳಿಗಿಂತ ನನಗೆ ಇದೇ ಜಾಸ್ತಿ.

ಇನ್ನೊಂದು ಮಾತು ಬಿಡುವಂತಿಲ್ಲ. 2010ರ ನವೆಂಬರ್‌ನಲ್ಲಿ ಅವರ ಶೋಗೆ 200 ಗಂಡಸರು ಬಂದರು. ಎಲ್ಲರೂ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು. ಆ ವಯಸ್ಸಿನ ತಮ್ಮ ಫೋಟೋವನ್ನು ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ನಿಂತರು. ಗಂಡುಮಕ್ಕಳಿಗೆ ಹೀಗಾಗುವುದಿಲ್ಲ ಎಂದು ನಾವೂ ನಂಬಿದ್ದೆವಲ್ಲ? 2007ರಲ್ಲಿ ನಮ್ಮ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೇ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಹುಡುಗ, ಹುಡುಗಿ ಎಂಬ ಭೇದ ಮಾಡುವುದಿಲ್ಲ.

ಮಕ್ಕಳೇ, ನಿಮಗೆ ಯಾರಾದರೂ ಹೀಗೆ ಮಾಡುತ್ತಿದ್ದರೆ ತಪ್ಪು ನಿಮ್ಮದಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೇಕಿಲ್ಲ. ದೊಡ್ಡವರೇ, ಮಗು ಹೇಳಲು ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಕೇಳಿ. ನಮಸ್ಕಾರ.