ಏಳು ಕಾಳು ಮೆಣಸು

ಕೇಳುಗರೆಲ್ಲರಿಗೂ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ ಕಡೆ ಈಗ ಮೆಣಸು ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಗೊಂಚಲು ಬಿಡಿಸುತ್ತಾರೆ. ಕಾಫಿ ಕಣದಲ್ಲಿ ಹರಡಿದ ಹಸಿರು ಕಾಳು ನಾಲ್ಕೈದು ಬಿಸಿಲಿಗೆ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಮನೆಮದ್ದಿಗೆಂದು ಒಂದು ಡಬ್ಬಿ ಎತ್ತಿಡದ ಮನೆ ನಮ್ಮ ಮಲೆನಾಡಲ್ಲಿ ಇರಲಾರದು.

ನಮ್ಮಜ್ಜಿ ಕಷಾಯಕ್ಕೆ ಮೆಣಸನ್ನು ಎಣಿಸಿಯೇ ಹಾಕುತ್ತಿದ್ದರು. ದೊಡ್ಡವರಿಗೆ ಏಳು, ಮಕ್ಕಳಿಗೆ ಮೂರು. ಆಷಾಢದ ಮಳೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಕುಟ್ಟಾಣಿಯ ಸದ್ದು ಕೇಳುತ್ತಿತ್ತು. ನುಣ್ಣಗೆ ಮಾಡುತ್ತಿರಲಿಲ್ಲ, ಕಾಳು ಒಡೆದರೆ ಆಯಿತು. ಜೀರಿಗೆ, ಶುಂಠಿ, ಬೆಲ್ಲ, ಚಿಟಿಕೆ ಅರಿಸಿನ ಸೇರಿಸಿ ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸುತ್ತಿದ್ದರು. ಆಗಾಗ ಕುಟ್ಟಿಕೊಳ್ಳುವುದೇ ಸರಿ. ಮೆಣಸಿನ ಘಮ ಅದರ ಎಣ್ಣೆಯಲ್ಲಿದೆ, ಪುಡಿ ಮಾಡಿಟ್ಟರೆ ಹಾರಿಹೋಗುತ್ತದೆ.

ಖಾರ ಮಾತ್ರ ಪೈಪರೀನ್ ಎಂಬ ಅಂಶದ್ದು. ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ 1819ರಲ್ಲಿ ಅದನ್ನು ಬೇರ್ಪಡಿಸಿದರು. ಈ ಖಾರ ತಾಗಿದರೆ ಬಾಯಲ್ಲಿ ನೀರೂರುತ್ತದೆ, ಕಟ್ಟಿದ ಮೂಗು ಸಡಿಲವಾಗುತ್ತದೆ. ಜ್ವರದಿಂದ ಎದ್ದವರಿಗೆ ಮೆಣಸಿನ ಸಾರಿನಲ್ಲಿ ನಾಲ್ಕು ತುತ್ತು ಅನ್ನ ಸೇರುವುದು ಇದರಿಂದಲೇ.

ಆದರೆ ಮೆಣಸಿನ ನಿಜವಾದ ದೊಡ್ಡಸ್ತಿಕೆ ಇನ್ನೊಂದು ಮದ್ದಿಗೆ ಹೆಗಲು ಕೊಡುವುದರಲ್ಲಿದೆ ಎಂಬುದು ನನ್ನ ನಂಬಿಕೆ. ಆಯುರ್ವೇದದ ತ್ರಿಕಟು ಚೂರ್ಣದಲ್ಲಿ ಶುಂಠಿ, ಹಿಪ್ಪಲಿಯ ಜೊತೆ ಇದೂ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅರಿಸಿನದ ಸಾರವಾದ ಕರ್ಕ್ಯುಮಿನ್ 2 ಗ್ರಾಂ ಕೊಟ್ಟಾಗ ಅದು ರಕ್ತಕ್ಕೆ ಸೇರಿದ್ದು ಅತ್ಯಲ್ಪ. ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಸುಮಾರು 20 ಪಟ್ಟು ಹೆಚ್ಚು ಸೇರಿತು. ಮೆಣಸಿನಲ್ಲಿ ಪೈಪರೀನ್ ನೂರಕ್ಕೆ ಐದರ ಆಸುಪಾಸು ಇರುತ್ತದೆ. ಲೆಕ್ಕ ಹಾಕಿದರೆ 20 ಮಿಲಿಗ್ರಾಂ ಎಂದರೆ ಎಂಟು ಹತ್ತು ಕಾಳು. ಅಜ್ಜಿಯ ಏಳರಿಂದ ಬಹಳ ದೂರವೇನಲ್ಲ! ನಮ್ಮ ಚಿಟಿಕೆ ಅರಿಸಿನದಲ್ಲಿ ಅಷ್ಟು ಕರ್ಕ್ಯುಮಿನ್ ಇರುವುದಿಲ್ಲ, ಅದೂ ನಿಜ.

ಹೊರಗಿನ ವಸ್ತುವನ್ನು ಒಡೆದು ಹೊರಹಾಕುವ ಕೆಲಸವನ್ನು ನಮ್ಮ ಕರುಳು, ಪಿತ್ತಜನಕಾಂಗ ಮಾಡುತ್ತವೆ. ಪೈಪರೀನ್ ಆ ಕೆಲಸವನ್ನು ನಿಧಾನಿಸುತ್ತದೆ. ಅರಿಸಿನಕ್ಕೆ ಒಳ್ಳೆಯದೇ. ಮಾತ್ರೆಗೆ ಹಾಗಲ್ಲ. ಮೂರ್ಛೆರೋಗದ ಫೆನಿಟಾಯಿನ್, ಉಬ್ಬಸದ ಥಿಯೋಫಿಲಿನ್ ಇಂಥವು ಪೈಪರೀನ್ ಜೊತೆ ಸೇರಿದಾಗ ರಕ್ತದಲ್ಲಿ ಪ್ರಮಾಣ ಮೀರಬಹುದು. ಸಾರು, ಪೊಂಗಲ್ಲಿನ ಮೆಣಸಿಗೆ ಹೆದರಬೇಡಿ. ದಿನಾ ಮಾತ್ರೆ ನುಂಗುವ ಹಿರಿಯರು ಮನೆಯಲ್ಲಿದ್ದು, ದಿನಾ ಕಷಾಯವನ್ನೂ ಕುಡಿಯುತ್ತಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಆ ಮಾತನ್ನೂ ಹೇಳಿ. ಎಷ್ಟು ಕಾಳು ಹಾಕುತ್ತೀರಿ ಎಂಬುದನ್ನೂ ಹೇಳಿ.

ನಮಸ್ಕಾರ.