ಹಲ್ಲಿನ ಜೀನ್ ಹೇಳುವ ಸಾಕ್ಷಿ

ಕೇಳುಗರಿಗೆ ನಮಸ್ಕಾರ.

ಸ್ಥಳ ಮಹಜರಿನಲ್ಲಿ ಸಿಕ್ಕಿದ್ದು ಒಂದು ರಕ್ತದ ಕಲೆ, ಇಲ್ಲವೇ ಅರೆಬೆಂದ ಮೂಳೆಯ ಚೂರು ಅಂತಿಟ್ಟುಕೊಳ್ಳಿ. ತನಿಖಾಧಿಕಾರಿಗೆ ಮೊದಲು ಬೇಕಾಗುವ ಉತ್ತರ, ಇದು ಗಂಡಸಿನದೋ ಹೆಂಗಸಿನದೋ ಎಂಬುದು. ಅದಕ್ಕಾಗಿ ವಿಧಿವಿಜ್ಞಾನ ಪ್ರಯೋಗಾಲಯದವರು ನೋಡುವುದು ಅಮೆಲೊಜೆನಿನ್ ಎಂಬ ಜೀನ್. ಅದರ ಕೆಲಸವೋ, ಹಲ್ಲಿನ ಎನಾಮಲ್ ಕಟ್ಟುವುದು! ಗಂಡು ಹೆಣ್ಣು ಆಗುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಈ ಜೀನ್ ಎಕ್ಸ್ ವರ್ಣತಂತುವಿನಲ್ಲೂ ಇದೆ, ವೈನಲ್ಲೂ ಇದೆ. ಸಾಮಾನ್ಯವಾಗಿ ಹೆಂಗಸರಲ್ಲಿ ಇರುವುದು ಎರಡು ಎಕ್ಸ್, ಗಂಡಸರಲ್ಲಿ ಒಂದು ಎಕ್ಸ್, ಒಂದು ವೈ. ಎಕ್ಸ್‌ನ ಪ್ರತಿಯಲ್ಲಿ ಒಂದು ಕಡೆ ಡಿಎನ್ಎಯ ಆರು ಅಕ್ಷರ ಕಡಿಮೆ.

1993ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಈ ವ್ಯತ್ಯಾಸವನ್ನೇ ಹಿಡಿದು ಪಿಸಿಆರ್, ಅಂದರೆ ಡಿಎನ್ಎಯ ಬೇಕಾದ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನದ, ಪರೀಕ್ಷೆಯೊಂದನ್ನು ರೂಪಿಸಿದರು. ಅದರಲ್ಲಿ ಎಕ್ಸ್‌ನಿಂದ ಬರುವ ತುಣುಕಿನ ಉದ್ದ 106 ಅಕ್ಷರ, ವೈನದು 112. ಒಂದೊಂದು ಉದ್ದದ ತುಣುಕಿಗೂ ಗ್ರಾಫಿನಲ್ಲಿ ಒಂದೊಂದು ಶಿಖರ ಏಳುತ್ತದೆ. ಅಕ್ಕಪಕ್ಕ ಎರಡು ಶಿಖರ ಎದ್ದರೆ ಗಂಡು, ಒಂದೇ ಎದ್ದರೆ ಹೆಣ್ಣು. 1918ರಲ್ಲಿ ಕೊಲೆಯಾದ ರಷ್ಯಾದ ಚಕ್ರವರ್ತಿ ತ್ಸಾರ್‌ನ ಕುಟುಂಬ ಮತ್ತು ಪರಿವಾರದವರದ್ದೆಂದು ಯೆಕಟೆರಿನ್‌ಬರ್ಗ್ ಬಳಿ ಅಗೆದು ತೆಗೆದ ಒಂಬತ್ತು ಅಸ್ಥಿಪಂಜರಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಲು ಬಳಸಿದ್ದೂ ಈ ಜೀನನ್ನೇ.

ತೊಡಕು ಎದ್ದದ್ದು ನಮ್ಮ ಉಪಖಂಡದಲ್ಲಿ. 2002ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 270 ಭಾರತೀಯ ಗಂಡಸರ ಡಿಎನ್ಎ ಪರೀಕ್ಷಿಸಿದಾಗ ಐವರಲ್ಲಿ ವೈ ಶಿಖರ ಏಳಲೇ ಇಲ್ಲ. ಅವರ ವೈ ವರ್ಣತಂತುವಿನಲ್ಲಿ ಆ ಭಾಗವೇ ಇರಲಿಲ್ಲ. ಇಂಥ ಕೊರತೆ ಇರುವವರು ಬೇರೆಲ್ಲ ರೀತಿಯಲ್ಲೂ ಸಾಮಾನ್ಯ ಗಂಡಸರೇ. ಕಾಗದದ ಮೇಲೆ ಮಾತ್ರ ಹೆಂಗಸರು. ಮುಂದೆ ನಡೆದ ದೊಡ್ಡ ಸಮೀಕ್ಷೆಯಲ್ಲಿ ಪ್ರಮಾಣ ಇನ್ನೂ ಕಡಿಮೆ ಬಂತು, ನಿಜ. ಆದರೆ ಅತ್ಯಾಚಾರದ ಪ್ರಕರಣದಲ್ಲಿ ಆರೋಪಿ ಅಂಥವನೇ ಆಗಿದ್ದರೆ? ಬಟ್ಟೆಯ ಮೇಲಿನ ಕಲೆ ಹೆಂಗಸಿನದು ಎಂದು ವರದಿ ಬರುತ್ತದೆ, ತನಿಖೆ ಎತ್ತಲೋ ಹೊರಳುತ್ತದೆ.

ಹಾಗಾಗಿ ಈಗಿನ ಕೆಲವು ಕಿಟ್‌ಗಳಲ್ಲಿ ಅಮೆಲೊಜೆನಿನ್ ಜೊತೆಗೆ ವೈನ ಬೇರೆ ಗುರುತುಗಳನ್ನೂ ಸೇರಿಸಿದ್ದಾರೆ. ವೃಷಣ ರೂಪುಗೊಳ್ಳಲು ಚಾಲನೆ ಕೊಡುವ ಎಸ್ಆರ್‌ವೈ ಜೀನನ್ನೂ ಪ್ರತ್ಯೇಕವಾಗಿ ನೋಡಬಹುದು. ವರದಿಯಲ್ಲಿ ಬರೀ "ಹೆಣ್ಣು" ಎಂದಿದ್ದರೆ, ಇವನ್ನೆಲ್ಲ ನೋಡಿದ್ದೀರಾ ಎಂದು ಪಾಟೀಸವಾಲಿನಲ್ಲಿ ವಕೀಲರು ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ನೋಡಿದರೂ ಸಿಗುವುದು ವರ್ಣತಂತುವಿನ ಸುದ್ದಿ ಮಾತ್ರ. ಎಕ್ಸ್ ವೈ ಎರಡೂ ಇದ್ದು ಹೆಣ್ಣಾಗಿಯೇ ಹುಟ್ಟಿ ಬೆಳೆದವರಿದ್ದಾರೆ. ಅಂಥವರ ಮೂಳೆ ಸಿಕ್ಕರೆ ಗ್ರಾಫಿನಲ್ಲಿ ಎರಡು ಶಿಖರ ಏಳುತ್ತವೆ. ಕಾಣೆಯಾದವರ ಪಟ್ಟಿಯಲ್ಲಿ ಹುಡುಕಬೇಕಾದದ್ದು ಮಾತ್ರ ಹೆಂಗಸಿನ ಹೆಸರನ್ನು.